ಬಾಲ ಮುಂದಾದ ದೋಣಿ

ನಮ್ಮೂರ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಕುಣಿಯುತ್ತಿತ್ತು, ನಾನೊಬ್ಬಳು ಮಾತ್ರ ಹಲ್ಲು ಕಡಿಯುತ್ತಿದ್ದೆ. ನಮ್ಮ ಮನೆ ಇದ್ದದ್ದು ಕೆರೆಯ ಈಚೆ ದಡದಲ್ಲಿ, ಹಿಪ್ಪುನೇರಳೆ ತೋಟ ಇದ್ದದ್ದು ಆಚೆ ದಡದ ದಿಬ್ಬದ ಮೇಲೆ. ಕೋಡಿ ಹರಿಯಿತೆಂದರೆ ಏರಿಯ ದಾರಿ ಕಡಿದುಹೋಗುತ್ತಿತ್ತು. ಬೂದಿಕೋಟೆ ರಸ್ತೆ ಹಿಡಿದು ಸುತ್ತಿಕೊಂಡು ಬರಬಹುದಿತ್ತು, ನಿಜ. ಆದರೆ ಹೊರೆ ಹೊತ್ತು ಅಷ್ಟು ದೂರ ಸುತ್ತಿ ಬರುವಷ್ಟರಲ್ಲಿ ಸೊಪ್ಪೂ ಬಾಡಿರುತ್ತಿತ್ತು, ಹೊತ್ತವಳೂ ಬಾಡಿರುತ್ತಿದ್ದಳು.

ಆಗ ನಾನು ಮದುವೆಯಾಗಿ ಐದು ವರ್ಷದ ಸೊಸೆ. ಮಾವ ತೀರಿಹೋಗಿದ್ದರು. ಮನೆಯಲ್ಲಿ ನಾನು ಮತ್ತು ನಮ್ಮತ್ತೆ, ಇಬ್ಬರೇ. ನನ್ನ ಗಂಡ ಊರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಕ್ಕಿದ್ದರು. ನೆಲದ ಮೇಲಿನ ಕೆಲಸವಲ್ಲ, ಒಳಗಿನದು. ತಿಂಗಳಿಗೊಮ್ಮೆ ರೈಲಿನಲ್ಲಿ ಬಂಗಾರಪೇಟೆಗೆ ಬಂದು ಅಲ್ಲಿಂದ ನಡೆದುಕೊಂಡು ಮನೆಗೆ ಬರುತ್ತಿದ್ದರು. ಬಂದರೆ ಎರಡು ಮಾತಿಗೊಂದು ಕೆಮ್ಮು. ಮಲಗಿದಲ್ಲಿ ಬೆಚ್ಚಿಬಿದ್ದು ಎದ್ದು ಕೂತು ಗೋಡೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನು ಗಣಿ ಬಿಡಿ ಎಂದು ಜಗಳ ತೆಗೆಯುತ್ತಿದ್ದೆ. ಬಿಟ್ಟು ತಿನ್ನುವುದೇನು ಎಂದು ಅವರು ಕೇಳುತ್ತಿದ್ದರು. ಕೇಳುವುದು ಸರಿಯೇ ಇತ್ತು, ಏಕೆಂದರೆ ಹಿಂದಿನ ಎರಡು ಸಲವೂ ನಮ್ಮ ರೇಷ್ಮೆಹುಳು ಗೂಡು ಕಟ್ಟುವ ಮೊದಲೇ ಸತ್ತು ತಿಪ್ಪೆ ಸೇರಿದ್ದವು.

ಆ ಸಲ ಹೊರಡುವಾಗ ಹೊಸ್ತಿಲ ಮೇಲೆ ನಿಂತು ಅವರೇ ಒಂದು ಮಾತು ಹೇಳಿದರು. "ಈ ಕಿತ ಉಳ ಗೂಡು ಕಟ್ಟಿದ್ರೆ ಗಣಿ ಬಿಟ್ ಬಂದುಬಿಡ್ತೀನಿ. ಕಟ್ಲಿಲ್ಲಾಂದ್ರೆ ತೋಟ ಯಾರಿಗಾನ ಕೊಟ್ಬಿಡಿ, ಇನ್ನೊಂದ್ ದಪ ನನ್ನ ಕೇಳ್ಬ್ಯಾಡ್ರಿ."

ಅಂದಿನಿಂದ ನಾನು ಆ ಹುಳುಗಳನ್ನು ಸಾಕಿದ ಹಾಗೆ ಮುಂದೆ ಹೆತ್ತ ಮಕ್ಕಳನ್ನೂ ಸಾಕಿಲ್ಲ. ಹಿತ್ತಲ ಕಡೆಯ ಕೋಣೆಗೆ ಬೆಂಕಿ ಕೆಂಡ ಇಟ್ಟು ಬೆಚ್ಚಗೆ ಮಾಡಿದೆವು. ಹುಳುವಿನ ತಟ್ಟೆ ಜೋಡಿಸಿದ ಅಟ್ಟಣೆಯ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಟ್ಟೆವು. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು ಮಂಕಾಗಿ ಪೊರೆ ಕಳಚುತ್ತವೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವಿಗೆ ಅಂಕೆಯೇ ಇಲ್ಲ. ಒಂದು ಹೊತ್ತು ಸೊಪ್ಪು ತಪ್ಪಿದರೂ ಕಂಗೆಡುತ್ತವೆ, ಒದ್ದೆ ಸೊಪ್ಪು ಹಾಕಿದರೆ ಹೊಟ್ಟೆ ಕೆಟ್ಟು ಕರಗಿಹೋಗುತ್ತವೆ. ಸರಿಯಾಗಿ ಆ ನಾಲ್ಕನೇ ಜ್ವರ ಎದ್ದ ದಿನವೇ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಮನೆ ಸುತ್ತ ಇದ್ದ ನಾಲ್ಕು ಗಿಡದ ಸೊಪ್ಪನ್ನು ಒಲೆಯ ಮುಂದೆ ಆರಿಸಿ ಆರಿಸಿ ಹಾಕಿದೆವು. ಮೂರನೆಯ ದಿನ ಕಡ್ಡಿ ಬಿಟ್ಟು ಏನೂ ಉಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮಳೆ ನಿಂತಿತು, ಗಾಳಿ ಮಾತ್ರ ನಿಲ್ಲಲಿಲ್ಲ. ಬಡಗಲಿಂದ ಒಂದೇ ಸಮ ಬೀಸುತ್ತಿತ್ತು. ಆ ಗಾಳಿಗೆ ತೋಟದ ಸೊಪ್ಪು ಒಣಗಿರುತ್ತದೆ, ಈಗಲೇ ಹೋಗಿ ಕೊಯ್ದು ತರೋಣ ಎಂದು ಅತ್ತೆ ಸೀರೆ ಎತ್ತಿ ಕಟ್ಟಿದರು.

ಅದೇ ಬೆಳಿಗ್ಗೆ ನಾನು ಹೊರಗಾಗಿದ್ದೆ.

ಹುಳು ಸಾಕುವ ಮನೆಯಲ್ಲಿ ಮುಟ್ಟಾದ ಹೆಂಗಸು ಸೊಪ್ಪನ್ನೂ ಮುಟ್ಟಬಾರದು, ಹುಳುವಿನ ಕೋಣೆಯ ಕಡೆ ನೆರಳನ್ನೂ ಹಾಯಿಸಬಾರದು. ಇದು ಅತ್ತೆಯ ಕಟ್ಟಳೆ, ಊರಿನ ಕಟ್ಟಳೆಯೂ ಹೌದು. ಹಿಂದಿನ ಎರಡು ಬೆಳೆ ಹೋದಾಗಲೂ ಯಾರದೋ ಮೈಲಿಗೆ ತಾಕಿತೆಂದೇ ಅತ್ತೆ ತಿಂಗಳುಗಟ್ಟಲೆ ಗೊಣಗಿದ್ದರು. ನಾನು ಹೇಳಿಬಿಟ್ಟಿದ್ದರೆ ಮೂರು ದಿನ ಹೊರಗೆ ಕೂರಬೇಕಿತ್ತು. ಅತ್ತೆ ಒಬ್ಬರೇ ಅಷ್ಟು ಸೊಪ್ಪು ಕೊಯ್ಯಲು ಸಂಜೆಯಾದರೂ ಆಗುತ್ತಿರಲಿಲ್ಲ. ಕೂಲಿಗೆ ಕರೆದರೂ ಆ ಗಾಳಿಯಲ್ಲಿ ಯಾರೂ ಕೆರೆ ದಾಟಿ ಬರುತ್ತಿರಲಿಲ್ಲ. ಬಾವಿಯ ಹತ್ತಿರ ಬಟ್ಟೆ ಒಗೆದು, ಬಾಯಿ ಮುಚ್ಚಿಕೊಂಡು ಅತ್ತೆಯ ಹಿಂದೆ ನಡೆದೆ.

ಕೆರೆ ದಾಟಿಸುವವನು ಒಬ್ಬ ಮುದುಕ. ತಮಿಳು ಸೀಮೆಯ ಕಡಲ ದಂಡೆಯಿಂದ ಗಣಿ ಕೆಲಸಕ್ಕೆ ಬಂದು, ಅಲ್ಲಿ ಎದೆ ಕೆಟ್ಟ ಮೇಲೆ ನಮ್ಮ ಕೆರೆ ಅಂಗಳದಲ್ಲಿ ಗುಡಿಸಲು ಹಾಕಿ ಮೀನು ಹಿಡಿದುಕೊಂಡಿದ್ದ. ನಾನು ತಾತ ಎನ್ನುತ್ತಿದ್ದೆ. ಮಾವಿನ ದಿಮ್ಮಿ ಕೊರೆದು ಒಂದು ದೋಣಿ ಮಾಡಿಕೊಂಡಿದ್ದ. ಮೂವರು ಒಬ್ಬರ ಹಿಂದೊಬ್ಬರು ಕೂತರೆ ಭರ್ತಿ. ಅದು ಮಗುಚದ ಹಾಗೆ ಒಂದು ಮಗ್ಗುಲಿಗೆ ಎರಡು ಬಿದಿರು ಚಾಚಿ, ಅವುಗಳ ತುದಿಗೆ ಬೂರುಗದ ದಿಮ್ಮಿಯೊಂದನ್ನು ಕಟ್ಟಿದ್ದ. ದೋಣಿಯ ಪಕ್ಕ ಆ ದಿಮ್ಮಿಯೂ ನೀರಿನ ಮೇಲೆ ತೇಲಿಕೊಂಡು ಬರುತ್ತಿತ್ತು. ಅಂಥದ್ದನ್ನು ನಮ್ಮೂರಿನವರು ಕಂಡಿರಲಿಲ್ಲ. ದೋಣಿಗೂ ಊರುಗೋಲು ಬೇಕಾಯ್ತಾ ಎಂದು ನಗಾಡುತ್ತಿದ್ದರು. ನಕ್ಕವರೇ ದಾಟಬೇಕಾದಾಗ ಅವನ ಗುಡಿಸಲ ಮುಂದೆ ನಿಲ್ಲುತ್ತಿದ್ದರು.

ಅತ್ತೆ ಮೊದಲು ಅವನ ಬಾಯಿ ತೆರೆಸಿದರು. "ಒಗೆಸೊಪ್ಪು ಉಗಿಯಯ್ಯ. ಬಾಯ್ ಮುಕ್ಕಳಿಸು, ಕೈನೂ ತೊಳ್ಕೊ. ಅದರ ಗಾಳಿ ತಾಕಿದ್ರೂ ಉಳ ಉಳಿಯಾಕಿಲ್ಲ."

ಅವನು ಬೇಜಾರಿನಲ್ಲೇ ಉಗಿದ. ಸೊಂಟದ ಹೊಗೆಸೊಪ್ಪಿನ ಚೀಲವನ್ನೂ ಗುಡಿಸಲಲ್ಲಿ ಬಿಟ್ಟು ಬರುವಂತೆ ಅತ್ತೆ ಮಾಡಿದರು. ಆಮೇಲೆ ದೋಣಿಯ ಒಂದು ತುದಿಗೆ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿದರು. ಆ ದೋಣಿಗೆ ಹಿಂದೆ ಮುಂದೆ ಎಂಬುದೇ ಇರಲಿಲ್ಲ, ಎರಡು ತುದಿಯೂ ಒಂದೇ ಥರ. ಕುಂಕುಮ ಹಚ್ಚಿದ ಮೇಲೆ ಅತ್ತೆಯ ಲೆಕ್ಕದಲ್ಲಿ ಅದಕ್ಕೊಂದು ಮುಖವೂ ಬಂತು, ಒಂದು ಬಾಲವೂ ಬಂತು.

ಹೋಗುವಾಗ ಕಷ್ಟವಾಗಲಿಲ್ಲ. ನಾನು ಮುಖದ ಕಡೆ ಕೂತು ಇನ್ನೊಂದು ಹುಟ್ಟು ಹಾಕುತ್ತಿದ್ದೆ. ನಡುವೆ ಅತ್ತೆ, ಹಿಂದೆ ತಾತ. ಮೂಡಲಿಗೆ ಹೋಗುತ್ತಿದ್ದೆವು, ಗಾಳಿ ಎಡದಿಂದ ಬರುತ್ತಿತ್ತು, ತೇಲುವ ದಿಮ್ಮಿಯೂ ಎಡಕ್ಕೇ ಇತ್ತು. ಅಲೆ ಮೊದಲು ದಿಮ್ಮಿಗೆ ಬಡಿದು ಮುರಿದು ಆಮೇಲೆ ನಮಗೆ ಮುಟ್ಟುತ್ತಿತ್ತು. ದಿಮ್ಮಿ ಯಾವತ್ತೂ ಗಾಳಿ ಬರುವ ಕಡೆಯೇ ಇರಬೇಕು ಎಂದು ತಾತ ನನಗೆ ಹೇಳಿಕೊಟ್ಟಿದ್ದು ಆಗಲೇ. ಗಾಳಿ ಅದನ್ನು ಎತ್ತಲು ನೋಡುತ್ತದೆ, ಅದು ತನ್ನ ಭಾರಕ್ಕೆ ಏಳುವುದಿಲ್ಲ. ಅದೇ ಗಾಳಿ ಇನ್ನೊಂದು ಮಗ್ಗುಲಿಂದ ಬಂದರೆ ದೋಣಿಯೆಲ್ಲ ವಾಲಿ ಅದರ ಮೇಲೆ ಕೂರುತ್ತದೆ, ಅದು ಮುಳುಗಿತೆಂದರೆ ಎಲ್ಲರೂ ಮುಳುಗಿದಂತೆ.

ತೋಟದಲ್ಲಿ ಸೊಪ್ಪು ನಿಜವಾಗಿಯೂ ಒಣಗಿತ್ತು. ಮಾತಿಲ್ಲದೆ ಕೊಯ್ದೆವು. ಒಂದೊಂದು ಎಲೆ ಮುಟ್ಟುವಾಗಲೂ ನನ್ನ ಬೆರಳು ಅಳುಕುತ್ತಿತ್ತು, ಆದರೂ ಅತ್ತೆಗಿಂತ ಎರಡು ಪಾಲು ಕೊಯ್ದೆ. ಹಳೇ ಸೀರೆಗಳಲ್ಲಿ ನಾಲ್ಕು ಗಂಟು ಕಟ್ಟಿ ದಡಕ್ಕೆ ತಂದಾಗ ಹೊತ್ತು ನೆತ್ತಿ ದಾಟಿತ್ತು. ಕೆರೆ ಬೆಳಿಗ್ಗೆ ಕಂಡ ಕೆರೆಯಾಗಿರಲಿಲ್ಲ. ನೀರೆಲ್ಲ ಬೂದುಬಣ್ಣಕ್ಕೆ ತಿರುಗಿ, ಅಲೆಗಳ ತಲೆ ಒಡೆದು ನೊರೆ ಹಾರುತ್ತಿತ್ತು.

ದೋಣಿಯ ಹೊಟ್ಟೆಯಲ್ಲಿ ನೀರು ನಿಂತಿದ್ದರಿಂದ ಗಂಟುಗಳನ್ನು ಅಲ್ಲಿ ಇಡುವಂತಿರಲಿಲ್ಲ. ಆಚೆಗೆ ಚಾಚಿದ ಎರಡು ಬಿದಿರಿನ ಮೇಲೆ, ನೀರು ತಾಕದ ಎತ್ತರಕ್ಕೆ, ತಾತ ಹಗ್ಗ ಹಾಕಿ ಬಿಗಿದ. ಆಮೇಲೆ ದೋಣಿಯನ್ನು ತಿರುಗಿಸದೆ ಇದ್ದ ಹಾಗೇ ನೀರಿಗೆ ತಳ್ಳಲು ಹೋದ. ಬಾಲ ಮುಂದಾಗಿ ಹೋದರೆ ದಿಮ್ಮಿ ಮತ್ತೆ ಬಡಗಲ ಕಡೆಗೇ ಉಳಿಯುತ್ತಿತ್ತು. ಎರಡು ತುದಿ ಒಂದೇ ಥರ ಮಾಡಿದ್ದೇ ಅದಕ್ಕೆ.

ಅತ್ತೆ ಅಡ್ಡ ನಿಂತರು. "ಏನಯ್ಯ ನೀನು? ಕುಂಕುಮ ಇಕ್ಕಿದ್ ಕಡೆ ಇಂದಕ್ ಮಾಡ್ಕೊಂಡ್ ಓಗ್ತಾರಾ? ಸೊಪ್ಪು ಐತೆ ಮ್ಯಾಲೆ. ಎಣ ಎತ್ಕೊಂಡ್ ಓಗೋ ಅಂಗೆ ಬಾಲ ಮುಂದ್ ಮಾಡ್ಕೊಂಡ್ ನಮ್ಮನೆ ತಾವ ಬತ್ತೀಯಾ?"

ನಮ್ಮಲ್ಲಿ ಹೆಣವನ್ನು ಮನೆಯಿಂದ ಕಾಲು ಮುಂದೆ ಮಾಡಿ ಒಯ್ಯುತ್ತಾರೆ. ಬದುಕಿರುವ ಹುಳುವಿನ ಮೇವು ಹಾಗೆ ಮನೆ ಸೇರಿದರೆ ಬೆಳೆ ಉಳಿಯುವುದುಂಟೇ ಎಂಬುದು ಅತ್ತೆಯ ಮಾತು. ತಾತ ಗಾಳಿ ತೋರಿಸಿದ, ದಿಮ್ಮಿ ತೋರಿಸಿದ. "ವೇಂಡಾಮ್ಮಾ, ಗಾಳಿ ಆ ಪಕ್ಕಂ ಐತೆ. ದಿಮ್ಮಿ ಒಳಗ್ ಓಗ್ತದೆ. ಸೊಲ್ಲಿದ್ರೆ ಕೇಳಮ್ಮಾ" ಎಂದು ಎರಡು ಮೂರು ಭಾಷೆ ಬೆರೆಸಿ ಬೇಡಿಕೊಂಡ. ನನಗೆ ಅವನ ಮಾತೇ ಸರಿ ಅನಿಸಿತ್ತು. ಬೇರೆ ದಿನವಾಗಿದ್ದರೆ ಅತ್ತೆಯ ಜೊತೆ ಜಗಳಕ್ಕೇ ಬೀಳುತ್ತಿದ್ದೆ, ನನ್ನ ಬಾಯಿ ಅಂಥದ್ದು. ಅಂದು ಮಾತ್ರ ಮೈಲಿಗೆಯ ವಿಷಯದಲ್ಲಿ ತುಟಿ ಬಿಚ್ಚಲು ನನಗೆ ಧೈರ್ಯ ಬರಲಿಲ್ಲ. ತಾತ ತಲೆ ಚಚ್ಚಿಕೊಂಡು ದೋಣಿ ತಿರುಗಿಸಿದ. ಕುಂಕುಮದ ಮುಖ ಮುಂದಾಯಿತು. ಗಾಳಿ ಬಲದಿಂದ, ದಿಮ್ಮಿ ಎಡಕ್ಕೆ.

ದಡದ ಮರೆ ಇರುವತನಕ ಹೇಗೋ ನಡೆಯಿತು. ಮರೆ ದಾಟಿದ ಕೂಡಲೇ ಗಾಳಿ ಬಲಮಗ್ಗುಲಿಗೆ ಒದ್ದ ಹಾಗೆ ಬಡಿಯಿತು. ದೋಣಿ ಎಡಕ್ಕೆ ವಾಲಿತು. ದಿಮ್ಮಿ ಒಂದು ಸಲ ನೀರೊಳಗೆ ಹೋಗಿ, ಬುಳಕ್ಕನೆ ಮೇಲೆ ಬಂತು. "ಬಲಕ್ಕೆ! ಬಲಕ್ಕೆ ಬಾಗ್ರಿ!" ಎಂದು ತಾತ ಕೂಗಿದ. ಇಬ್ಬರೂ ಬಲಕ್ಕೆ ಮೈ ಚಾಚಿದೆವು. ಅಲೆ ನೇರವಾಗಿ ನಮ್ಮ ಮುಖಕ್ಕೆ ಬಡಿದು ಒಳಗೆ ಸುರಿಯಿತು. ಅತ್ತೆ ಚೊಂಬಿನಲ್ಲಿ ಮೊಗೆದು ಮೊಗೆದು ಚೆಲ್ಲಿದರು. ಚೆಲ್ಲಿದ್ದಕ್ಕಿಂತ ಬಂದದ್ದೇ ಹೆಚ್ಚು. ದಿಮ್ಮಿ ಮತ್ತೆ ಮುಳುಗಿತು, ಈ ಸಲ ತಡವಾಗಿ ಎದ್ದಿತು. ಬಿದಿರಿನ ಮೇಲಿದ್ದ ಗಂಟುಗಳಿಗೂ ನೀರಿಗೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ.

ನಾವಿಬ್ಬರೂ ಈಜು ಬಲ್ಲವರಲ್ಲ. ಹೀಗಿದ್ದರೂ ನನ್ನ ಕಣ್ಣು ಆ ಗಂಟುಗಳನ್ನು ಬಿಟ್ಟು ಕದಲಲಿಲ್ಲ. ಅವು ನೆನೆದರೆ ಹುಳು ಹೋಯಿತು, ಹುಳು ಹೋದರೆ ನನ್ನ ಗಂಡ ಆ ಗಣಿಯ ಗುಂಡಿಯಲ್ಲೇ ಉಳಿದರು. ಅಷ್ಟೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

"ಸೊಪ್ಪು ಬಿಟ್ಬಿಡಮ್ಮಾ! ಅಗ್ಗ ಕುಯ್ತೀನಿ!" ತಾತ ಸೊಂಟದ ಚಾಕುವಿಗೆ ಕೈ ಹಾಕಿದ.

"ಕುಯ್ದೀಯಾ ಉಷಾರ್!" ಅತ್ತೆ ಹಗ್ಗದ ಮೇಲೆ ಅಂಗೈ ಇಟ್ಟುಬಿಟ್ಟರು. "ನನ್ ಕೈ ಮೊದ್ಲು ಕುಯ್ಯಿ."

"ಅಂಗಂದ್ರೆ ತಿರುಗುಸ್ಬೇಕು! ಬಾಲ ಮುಂದೆ! ಬೇರೆ ದಾರಿ ಇಲ್ಲ!"

"ಎಣದ್ ದಾರಿ ಬ್ಯಾಡಾಂದೆ!" ಅತ್ತೆಯ ಗಂಟಲು ಒಡೆದಿತ್ತು. "ಅಯ್ಯೋ ನಮ್ಮಪ್ಪಾ, ಯಾರ್ ಏನ್ ಮೈಲಿಗೆ ಮಾಡಿದ್ರೋ, ಈ ಗಾಳಿ ಇಂಗ್ ಬಡೀತೈತೆ! ಒಗೆಸೊಪ್ಪಿನ್ ಕೈಯಲ್ಲಿ ಅಗ್ಗ ಕಟ್ಟಿದ್ಯಲ್ಲಯ್ಯ ನೀನು!"

ತಾತನ ಮುಖ ನೋಡಲು ನನ್ನಿಂದಾಗಲಿಲ್ಲ. ಪಾಪದ ಮನುಷ್ಯ, ಬೆಳಿಗ್ಗೆಯಿಂದ ಬಾಯಿಗೆ ಒಂದು ಚೂರು ಹೊಗೆಸೊಪ್ಪು ಹಾಕಿರಲಿಲ್ಲ. ಇನ್ನೊಂದು ಅಲೆ ಬಂತು. ದಿಮ್ಮಿ ಕೆಳಗೆ ಹೋಯಿತು, ಎರಡು ಗಂಟಿನ ಬುಡ ನೀರಿಗೆ ತಾಕಿದ್ದು ಕಂಡೆ. ನನಗೆ ತಡೆಯಲಾಗಲಿಲ್ಲ. ಕಿರುಚಿಬಿಟ್ಟೆ.

"ತಾತ ಏನೂ ಮಾಡ್ಲಿಲ್ಲ ಅತ್ತೆ! ನಾನು! ನಾನ್ ಒರಗಾಗಿವ್ನಿ! ಬೆಳಗ್ಗೆಯಿಂದ! ಸೊಪ್ಪೆಲ್ಲ ನಾನೇ ಮುಟ್ಟಿವ್ನಿ!"

ಅತ್ತೆ ನನ್ನನ್ನೇ ನೋಡಿದರು. ನೀರು ಇಳಿಯುತ್ತಿದ್ದ ಮುಖ. ಬಯ್ಯುತ್ತಾರೆ, ಇಲ್ಲವೇ ಹಗ್ಗ ಬಿಡುತ್ತಾರೆ ಎಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ. ತಾತನ ಕಡೆ ತಿರುಗಿ, "ತಿರುಗ್ಸಯ್ಯ. ಬಾಲಾನೇ ಮುಂದಾಗ್ಲಿ" ಎಂದರು. ನನಗೆ ಒಂದೇ ಮಾತು ಹೇಳಿದರು. "ಉಟ್ಟು ಆಕೇ, ಬಾಯ್ ಮುಚ್ಕೊಂಡು."

ತಿರುಗಿಸುವುದೆಂದರೆ ದೋಣಿಯ ಮುಖವನ್ನು ಮೊದಲು ಗಾಳಿಗೆ ಎದುರಾಗಿ ತರಬೇಕು, ಅಲ್ಲಿಂದ ಇನ್ನಷ್ಟು ಸುತ್ತಿ ಬಾಲವನ್ನು ಊರ ಕಡೆಗೆ ತರಬೇಕು. ತಾತ ಹಿಂದಿನಿಂದ ತಿರುವಿದ, ನಾನು ಮುಂದಿನಿಂದ ಎಳೆದೆ. ಮುಖ ಗಾಳಿಗೆ ಬಂದಾಗ ದೋಣಿ ಎದ್ದು ಎದ್ದು ಬಿತ್ತು. ಒಂದು ಕ್ಷಣ ಯಾವ ಕಡೆಗೂ ಹೋಗದೆ ಅಲ್ಲೇ ನಿಂತಿತು. ನನ್ನ ತೋಳು ಸೋತಿತ್ತು. ತಾತ ಹಲ್ಲು ಕಚ್ಚಿಕೊಂಡು ತಮಿಳಿನಲ್ಲಿ ಯಾವುದೋ ದೇವರನ್ನು ಬಯ್ಯುತ್ತಿದ್ದ. ಇನ್ನೊಂದು ಸಲ ಹುಟ್ಟು ಆಳಕ್ಕೆ ಇಳಿಸಿ ಎಳೆದೆವು. ಮುಖ ಮೂಡಲಿಗೆ ಬಿತ್ತು, ದಿಮ್ಮಿ ಬಡಗಲಿಗೆ ಬಂತು. ಅಲೆ ಅದಕ್ಕೆ ಬಡಿದು ಮುರಿಯಿತು.

ಈಗ ಊರ ಕಡೆ ಹೋಗಲು ನಾನೇ ಹಿಂದಿನವಳಾದೆ. ಆ ಇಕ್ಕಟ್ಟಿನಲ್ಲಿ ತಾತ ಎದ್ದು ನನ್ನ ಜಾಗಕ್ಕೆ ಬರುವಂತಿರಲಿಲ್ಲ. ಎದ್ದರೆ ಮಗುಚುತ್ತಿತ್ತು. ಇಬ್ಬರೂ ಕೂತಲ್ಲೇ ಊರ ಕಡೆಗೆ ಹಿಂದಿರುಗಿದೆವು, ಅವನು ಬಾಲದ ತುದಿಯಿಂದ ಎಳೆದ. ದಿಕ್ಕು ಹಿಡಿಯುವ ಕೆಲಸ ನನ್ನ ಹುಟ್ಟಿಗೆ ಬಿತ್ತು. "ಪಾಪಾ, ನೇರಾ ಇಡ್ಕೋ! ದೊಡ್ಡ ಉಣಸೇಮರ ನೋಡ್ಕೋ, ಅದನ್ ಬಿಡ್ಬೇಡ!" ಎಂದು ಕೂಗುತ್ತಲೇ ಇದ್ದ. ನಾನು ನಮ್ಮ ದಡದ ಆ ಹುಣಸೇಮರವನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಗಾಳಿಯ ಹೊಡೆತಕ್ಕೆ ಈಗ ದಿಮ್ಮಿ ನೀರು ಬಿಟ್ಟು ಮೇಲಕ್ಕೆ ಏಳತೊಡಗಿತು. ಸೊಪ್ಪಿನ ಗಂಟಿನ ಭಾರ ಅದನ್ನು ಹಿಡಿಯಲು ಸಾಲದಾಯಿತು. ಅತ್ತೆ ಯಾರೂ ಹೇಳದೆಯೇ ಒಂದು ಕಾಲು ದೋಣಿಯಿಂದಾಚೆ ಹಾಕಿ, ಬಿದಿರಿನ ಮೇಲೆ, ಗಂಟುಗಳ ಮೇಲೆ ಬೋರಲು ಮಲಗಿಬಿಟ್ಟರು. ಅವರು ದಪ್ಪ ಹೆಂಗಸು, ದಿಮ್ಮಿ ಕೆಳಗಿಳಿದು ನಿಂತಿತು. ಅಲ್ಲಿಂದ ದಡದವರೆಗೆ ಅಲೆಯ ನೊರೆಯೆಲ್ಲ ಅವರ ಬೆನ್ನ ಮೇಲೆ ಬಿತ್ತು. ಸೊಪ್ಪಿನ ಮೇಲೆ ಹನಿ ಬೀಳಗೊಡಲಿಲ್ಲ. ನಾನು ಅಳುತ್ತಾ ಹುಟ್ಟು ಹಾಕಿದೆ. ಅತ್ತದ್ದು ಭಯಕ್ಕೋ ನಾಚಿಕೆಗೋ ನನಗೆ ಆಗಲೂ ಗೊತ್ತಾಗಲಿಲ್ಲ.

ದಡ ಮುಟ್ಟಿದಾಗ ಅಕ್ಕಪಕ್ಕದ ನಾಲ್ಕಾರು ಹೆಂಗಸರು ಹುಣಸೇಮರದ ಕೆಳಗೆ ನಿಂತಿದ್ದರು. ಬಾಲ ಮುಂದಾಗಿ ಬಂದದ್ದನ್ನು ಎಲ್ಲರೂ ಕಂಡರು. ಒಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು. ಅತ್ತೆ ಅವಳಿಗೆ ಒಂದು ಗಂಟು ಹೊರಿಸಿ ಬಾಯಿ ಮುಚ್ಚಿಸಿದರು. ಕುಂಕುಮ ಯಾವಾಗಲೋ ತೊಳೆದುಹೋಗಿತ್ತು.

ಬುಡ ನೆನೆದದ್ದು ಎರಡು ಗಂಟು. ಅವನ್ನು ಜಗಲಿಯ ಮೇಲೆ ಬಿಚ್ಚಿ, ಎಲ್ಲರೂ ಒಣಬಟ್ಟೆ ಹಿಡಿದು ಒಂದೊಂದೇ ಎಲೆ ಒರೆಸಿದೆವು. ನಾನು ಒಳಗೆ ಕಾಲಿಡಬೇಕೋ ಬೇಡವೋ ಎಂದು ನಿಂತಿದ್ದೆ. ಅತ್ತೆ ನೆರೆಯವರಿಗೆ ಕೇಳುವಂತೆ, "ಅವ್ಳ್ ನೆಂದ್ ತೊಪ್ಪೆ ಆಗವ್ಳೆ, ಕ್ವಾಣೆ ಬೆಚ್ಚಗಿರ್ಬೇಕು, ಅವ್ಳ್ ಒಳಕ್ ಬರಾದ್ ಬ್ಯಾಡ" ಎಂದು ಹೇಳಿ ತಾವೊಬ್ಬರೇ ಸೊಪ್ಪು ಎತ್ತಿಕೊಂಡು ಹೋದರು. ಅದಕ್ಕೆ ಮೊದಲು ತಮ್ಮ ಒದ್ದೆ ಸೀರೆ ಬದಲಾಯಿಸಿದ್ದೂ ಸೊಪ್ಪು ನೆನೆಯಬಾರದೆಂದೇ. ನಾನು ಹಿತ್ತಲ ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಹುಳು ಮೇಯುವ ಸದ್ದು ಬಂತು, ಸಣ್ಣ ಮಳೆ ಬಿದ್ದಂತೆ ಸರಸರ. ಅದನ್ನು ಕೇಳಿ ಮೈಯೆಲ್ಲ ಸಡಿಲವಾಯಿತು.

ಆದರೆ ಬದುಕು ಹಗುರವಾಗಲಿಲ್ಲ. ಮಾರನೆಯ ದಿನ ಗಾಳಿ ಇಳಿದು ಸೊಪ್ಪಿಗೆ ಕೂಲಿಯವರೇನೋ ಸಿಕ್ಕರು. ಹುಳು ತಿನ್ನುವುದು ಒಂದು, ಉಳಿಯುವುದು ಇನ್ನೊಂದು. ಆ ಸೊಪ್ಪು ತಿಂದ ಹುಳು ಸಾಯುತ್ತವೋ ಎಂದು ದಿನಾ ಬೆಳಿಗ್ಗೆ ಕಾದೆ. ಮೂರು ದಿನ ಕಳೆದು ತಲೆಗೆ ನೀರು ಹಾಕಿಕೊಂಡು ಒಳಗೆ ಹೋದಾಗ ಮೊದಲು ನೋಡಿದ್ದು ತಟ್ಟೆಗಳನ್ನು. ಸತ್ತ ಹುಳು ಬೆರಳಲ್ಲಿ ಎಣಿಸುವಷ್ಟು. ಅತ್ತೆ ಮಾತ್ರ ಆ ದಿನದ ಸುದ್ದಿಯೇ ಎತ್ತಲಿಲ್ಲ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು, ಜಗಳ ಮುಗಿಯುತ್ತಿತ್ತು. ಈ ಮೌನ ನನ್ನನ್ನು ಸುಟ್ಟಿತು. ಹುಳು ಹಣ್ಣಾದವು, ಮೈ ಹಳದಿಗೆ ತಿರುಗಿ ತಲೆ ಎತ್ತಿ ಆಡಿಸತೊಡಗಿದವು. ಚಂದ್ರಿಕೆಯ ಬಿದಿರು ಹೆಣಿಗೆಗೆ ಬಿಟ್ಟೆವು. ಗೂಡು ಕಟ್ಟಿದವು.

ಗೂಡು ಬಿಡಿಸುವ ದಿನ ಜಗಲಿಯ ಬಿಸಿಲಲ್ಲಿ ಇಬ್ಬರೂ ಎದುರು ಬದುರು ಕೂತಿದ್ದೆವು. ಚಂದ್ರಿಕೆ ತುಂಬ ಹಳದಿ ಗೂಡು, ಗಟ್ಟಿ ಗೂಡು. ಊರಿಗಾಂಗೆ ಹೊರಟಿದ್ದ ಒಬ್ಬರ ಕೈಯಲ್ಲಿ ಗಂಡನಿಗೆ ಆಗಲೇ ಸುದ್ದಿ ಕಳಿಸಿದ್ದೆವು. ನನಗೆ ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ನಾನ್ ಏಳಿದ್ದಕ್ಕೆ ನೀವೇನೂ ಅನ್ಲೇ ಇಲ್ಲ."

ಅತ್ತೆ ಗೂಡಿನ ಮೇಲಿನ ನೂಲು ಕೀಳುತ್ತಲೇ ಇದ್ದರು. "ಏನಂತ ಅನ್ಲಿ? ನೀನ್ ಬಾವಿ ತಾವ ಒಗೀವಾಗ್ಲೇ ನೋಡ್ದೆ."

ನನ್ನ ಕೈಯಲ್ಲಿದ್ದ ಗೂಡು ಜಾರಿತು. ಆಮೇಲೆ ಸಿಟ್ಟು ಬಂತು. "ಗೊತ್ತಿದ್ದೂ ಆ ತಾತನ್ ಮ್ಯಾಲೆ ಆಕಿದ್ರಾ? ಅಷ್ಟೊತ್ತೂ ನನ್ ಜೀವ ಓಗ್ತಿತ್ತಲ್ಲ!"

"ಒಗೆಸೊಪ್ಪಿಗೆ ಉಳ ಸಾಯಾದು ನಿಜ ಕಣೇ. ನಿನ್ ಕೈಗೆ ಸಾಯ್ತವಾ ಅಂತ ನಂಗೂ ಗೊತ್ತಿರ್ಲಿಲ್ಲ." ಅವರ ಕೈ ನಿಂತಿತು. "ನೀನ್ ಬಾಯ್ ಬಿಟ್ರೆ ಕೂರ್ಸಬೇಕಾಗ್ತಿತ್ತು. ಬಿಡ್ಲಿಲ್ಲ, ನಾನೂ ಕೇಳ್ಲಿಲ್ಲ."

"ಗೊತ್ತಿರ್ಲಿಲ್ಲಾಂದ್ರೆ ಯಾಕ್ ಬಿಟ್ರಿ ಮತ್ತೆ?"

ಅತ್ತೆ ನನ್ನ ಮುಖ ನೋಡಿದರು. ಅವರ ಕಣ್ಣು ತುಂಬಿದ್ದನ್ನು ಮಾವ ತೀರಿಕೊಂಡ ಮೇಲೆ ನಾನು ನೋಡಿದ್ದು ಅದೇ ಮೊದಲು.

"ಅವ್ನು ಗುಂಡಿಯಿಂದ ಮ್ಯಾಕೆ ಬರ್ಲಿ ಅಂತ ನಿಂಗೊಬ್ಳಿಗೇನೇ ಇದ್ದದ್ದು?"